ಕರಡಿಯ ಮೂರನೆಯ ಕೊಡ

ಹುಳಿತ ಇಪ್ಪೆ ಹೂವು ತಿಂದು ಅಮಲೇರಿದ್ದ ಕರಡಿ, ಹೊಳೆ ದಾಟಿಸುವಾಗ ಬೆನ್ನ ಮೇಲಿದ್ದ ಮೊಲವನ್ನು ಬಂಡೆಯ ಮೇಲೆ ಕೆಡವಿತ್ತು. ಕಾಡಿನ ಪಂಚಾಯಿತಿ ಒಂದು ವರ್ಷ ಅದರ ಕೆಲಸ ನಿಲ್ಲಿಸಿತು. ವರ್ಷ ಮುಗಿದ ದಿನ ಕರಡಿ, ದಾಟಿಸುವವರಿಗೆಲ್ಲ ವಿಮೆ ಕೊಡುವ ಆಮೆಯ ಬಳಿ ಬಂತು.

"ವಿಮೆಗೆ ಉಳಿದವರು ಒಂದು ಕೊಡ ಜೇನು ಕೊಡುತ್ತಾರೆ. ನೀನು ಮೂರು ಕೊಡಬೇಕು," ಎಂದಿತು ಆಮೆ.

"ಶಿಕ್ಷೆ ಮುಗಿಯಿತಲ್ಲ. ಈಗ ಇಪ್ಪೆ ಮರದ ನೆರಳಿಗೂ ಹೋಗುವುದಿಲ್ಲ. ಮತ್ತೇಕೆ ದಂಡ?"

"ಇದು ದಂಡವಲ್ಲ. ನೀನು ಮತ್ತೆ ಎಡವಿದರೆ, ಬಿದ್ದವರ ಗಾಯಕ್ಕೆ ಹಚ್ಚಲು."

"ಎಡವುವುದಿಲ್ಲ ಎಂದು ಮಾತು ಕೊಡುತ್ತೇನೆ. ಸಾಲದೆ?"

ಅಷ್ಟರಲ್ಲಿ ಮೊಲ ಕುಂಟುತ್ತಾ ದಡಕ್ಕೆ ಬಂತು. ಹತ್ತಿಕೋ ಎಂದು ಕರಡಿ ಬೆನ್ನು ತಗ್ಗಿಸಿತು. ಮೊಲ ನಮಸ್ಕಾರ ಹೇಳಿ, ಎರಡು ಹರದಾರಿ ದೂರದ ಸೇತುವೆಯ ಕಡೆಗೆ ನಡೆಯಿತು.

ಅದು ಕಣ್ಮರೆಯಾಗುವವರೆಗೂ ನೋಡಿದ ಕರಡಿ, ತಂದಿದ್ದ ಎರಡು ಕೊಡಗಳನ್ನು ಆಮೆಯ ಮುಂದಿಟ್ಟು, ಮೂರನೆಯ ಕೊಡ ತರಲು ಹೋಯಿತು.