ಕೆಂಪು ದಾರದ ಬಳೆ

ಕಾಲು ಒಳಗೆ ಎಳ್ಕೊಂಡು ಮಲಕ್ಕೊ ಪುಟ್ಟಿ, ಹೇಳ್ತೀನಿ. ನಮ್ಮಜ್ಜಿಯ ಅಜ್ಜಿಗೂ ಹಿಂದೆ, ಒಂದಾನೊಂದು ಕಾಲದಲ್ಲಿ, ಗುಡ್ಡದ ಮೇಲೆ ಜವರ ಅಂತ ಒಬ್ಬ ದಾರಿಗಳ್ಳ ಇದ್ನಂತೆ. ಅವನ ಹೆಸರು ಕೇಳಿದ್ರೆ ಊರೂರೇ ಬಾಗಿಲು ಹಾಕ್ಕೊಳ್ಳೋದಂತೆ. ಸಣ್ಣತಾಯಿ ಅನ್ನೋ ಹುಡುಗಿ ಅವನನ್ನೇ ಮೆಚ್ಚಿ, ಅಪ್ಪ ಅವ್ವ ಬ್ಯಾಡ ಅಂದ್ರೂ ಕೇಳ್ದೆ, ಹಿಂದೆ ಹೋದ್ಳಂತೆ. ಯಾಕೆ ಅಂತೀಯಾ? ಊರಿಗೆಲ್ಲ ಹುಲಿಯಾಗಿದ್ದೋನು ಇವಳ ಮಡಿಲಲ್ಲಿ ತಲೆ ಇಟ್ಟು, ನಂಗೆ ನೀನೊಬ್ಳೇ ಅಂತ ಅಳ್ತಿದ್ನಂತೆ. ಅಷ್ಟು ಸಾಕಾಯ್ತು ನೋಡು ಪೆದ್ದಿಗೆ. ನಾನೇ ಇವನ್ನ ತಿದ್ತೀನಿ ಅಂದ್ಕೊಂಡ್ಳು.

ಗುಡ್ಡದಲ್ಲಿ ಮಾತಾಡೋಕೆ ನರಪಿಳ್ಳೆ ಇಲ್ಲ. ತವರೋರು ತಿರುಗಿ ನೋಡ್ಲಿಲ್ಲ. ಅರಿಶಿನ ಕುಂಕುಮಕ್ಕೆ ಕರೆದ್ರೆ ಒಬ್ಬಳೂ ಹತ್ತಿ ಬರ್ಲಿಲ್ಲ. ಒಲೆ ಮುಂದೆ ಕೂತು ತನ್ನ ಜೊತೆ ತಾನೇ ಮಾತಾಡ್ಕೊಳ್ಳೋಳಂತೆ, ಪಾಪ. ಪ್ರತಿ ಹಬ್ಬಕ್ಕೂ ಮುಂಚೆ ಬಳೆಗಾರ್ತಿ ಮಂಚಮ್ಮ ಅನ್ನೋ ಮುದುಕಿ ಒಬ್ಬಳೇ ಬಂದು ಕೈ ಹಿಡಿದು ಮಾತಾಡ್ಸೋಳು. ನಿನ್ನ ಕೈ ಬಲು ಸಣ್ಣದು ಕಣವ್ವ ಅಂತ, ಅವಳ ಅಳತೆ ಹಸಿರು ಬಳೆ ಆರಿಸಿ, ಕೆಂಪು ದಾರ ಕಟ್ಟಿ ಎತ್ತಿಟ್ಟು ತರೋಳಂತೆ.

ಒಂದಿನ ಜವರ ಸೆರಗು ಹರಿದ ಸೀರೆ ತಂದ. ಹಸಿದಿದ್ನೇನೋ, ಅದಕ್ಕೇ ಕಿತ್ಕೊಂಡಿರ್ತಾನೆ ಅಂತ ಹೊಲಿದು ಉಟ್ಕೊಂಡ್ಳಂತೆ. ಆಮೇಲೆ ಕೂಸಿನ ಕಾಲ್ಗೆಜ್ಜೆ ತಂದ, ಒಂದೇ ಒಂದು. ಕೂಸಿಗೇನೂ ಮಾಡಿರಲ್ಲ, ನನ್ನ ಗಂಡ ಅಂಥೋನಲ್ಲ ಅಂತ ಅಕ್ಕಿ ಮಡಕೇಲಿ ಬಚ್ಚಿಟ್ಳಂತೆ. ಬಚ್ಚಿಟ್ರೆ ಆಗೋಯ್ತಾ?

ಆಮೇಲೆ ಹಬ್ಬ ಬಂತು, ಮಂಚಮ್ಮ ಬರ್ಲಿಲ್ಲ. ಜವರ ಬಂದ, ನಗ್ತಾ, ಹಸಿರು ಬಳೆ ಹಿಡ್ಕೊಂಡು. ಒಬ್ಳು ಮುದುಕಿ ಎಲ್ಲ ಕೊಟ್ಳು, ಇದೊಂದು ಕಟ್ಟು ಮಾತ್ರ ಬಿಡಲ್ಲ ಅಂದ್ಳು, ಕೈ ಮುರಿದೇ ಕಿತ್ಕೊಂಡೆ, ಎಲ್ಲ ನಿಂಗೋಸ್ಕರ ಅಂದ್ನಂತೆ. ಸಣ್ಣತಾಯಿ ನೋಡ್ತಾಳೆ, ಕೆಂಪು ದಾರ! ಅಯ್ಯೋ, ನನ್ನ ಬಳೆ ಉಳಿಸೋಕೆ ಹೋಗಿ ಕೈ ಮುರಿಸ್ಕೊಂಡ್ಳಲ್ಲಪ್ಪಾ ಅಂತ ಬಳೆ ಎದೆಗೆ ಒತ್ಕೊಂಡ್ಳಂತೆ. ಈ ಸಲ ಅವನ ಪರ ಹೇಳೋಕೆ ಒಂದು ಮಾತೂ ಸಿಗ್ಲಿಲ್ಲ. ಅವನು ಉಂಡು, ಎಂದಿನಂಗೆ ಅವಳ ಮಡಿಲಲ್ಲೇ ನಿದ್ದೆ ಹೋದ. ತಲೆ ಮೆಲ್ಲಗೆ ಕೆಳಗಿಳಿಸಿ, ಬಳೆ, ಗೆಜ್ಜೆ ಎರಡನ್ನೂ ಸೆರಗಿಗೆ ಕಟ್ಕೊಂಡು, ಹಗಲಲ್ಲೇ ಗುಡ್ಡ ಇಳಿದ್ಳು.

ಮಂಚಮ್ಮನ ಬಾಗಿಲಲ್ಲಿ ನಿಂತು ಗೋಳೋ ಅಂತ ಅತ್ಳಂತೆ. ಮುದುಕಿ ಬೈದ್ಳು, ಆಮೇಲೆ ಒಳಗೆ ಕರೆದು, ನೆಟ್ಟಗಿದ್ದ ಕೈಯಲ್ಲೇ ಆ ಬಳೆ ತೊಡಿಸಿದ್ಳು. ಜವರ ಬಂದು ಅತ್ನಂತೆ, ಬೆದರಿಸಿದ್ನಂತೆ, ಮತ್ತೆ ಅತ್ನಂತೆ. ಬೀದಿ ಹೆಂಗಸ್ರೆಲ್ಲ ಒನಕೆ ಹಿಡ್ಕೊಂಡು ಬಂದು ನಿಂತ್ರು, ತೆಪ್ಪಗೆ ಹೋದ. ಆಮೇಲೆ ಸಣ್ಣತಾಯಿನೇ ಬಳೆ ಹೊತ್ಕೊಂಡು ಊರೂರು ತಿರುಗಿ, ಗೆಜ್ಜೆ ಕಳ್ಕೊಂಡ ಕೂಸನ್ನೂ ಹುಡುಕಿ, ತಾನೇ ಕಾಲಿಗೆ ಕಟ್ಟಿದ್ಳಂತೆ.

ಅವನನ್ನ ಮರೆತ್ಳಾ ಅಂತೀಯಾ? ಇಲ್ಲ ಪುಟ್ಟಿ. ಸಂಜೆ ಆದ್ರೆ ಮಡಿಲು ಖಾಲಿ ಖಾಲಿ ಅನ್ನಿಸೋದಂತೆ. ಆಗ ಬಳೆ ಮುಟ್ಕೊಂಡು ಕೂತ್ಕೊಳ್ಳೋಳಂತೆ, ಗುಡ್ಡ ಮಾತ್ರ ಹತ್ತಲಿಲ್ಲ. ಅಲ್ಲಿಗೆ ಅವಳ ಕತೆ ಮುಗೀತು. ಎಲ್ಲಿ, ಕೈ ಕೊಡು, ಹಿಡ್ಕೊಂಡಿರ್ತೀನಿ, ಮಲಕ್ಕೊ.