ಗಡಿಗೆಯ ತಳದ ಮೊಸರು

"ಗುರುಗಳೇ, ಬರವಣಿಗೆ ಬಿಟ್ಟುಬಿಡಲು ಅಪ್ಪಣೆ ಕೊಡಿ," ಎಂದು ಶಿಷ್ಯ ಮುರಿಗೆಯ್ಯ ಕೇಳಿದ.

ಗುರುಗಳು ಕಾರಣ ಕೇಳಲಿಲ್ಲ. "ನೀನು ಹೇಗೆ ಬರೆಯುತ್ತೀ, ಅದನ್ನು ಹೇಳು," ಎಂದರು.

ಮುರಿಗೆಯ್ಯ ಹೇಳಿದ. ಮನಸ್ಸು ಉಕ್ಕಿ ಬಂದ ದಿನ ಅವನಿಗೆ ಊಟ ನಿದ್ರೆ ಬೇಡ. ಇದ್ದದ್ದೆಲ್ಲ ಬರೆದು, ಒಳಗೆ ಒಂದು ಪದವೂ ಉಳಿದಿಲ್ಲ ಎಂದಾದ ಮೇಲೇ ಲೇಖನಿ ಕೆಳಗಿಡುವುದು. ಆಮೇಲೆ ತಿಂಗಳುಗಟ್ಟಲೆ ಒಂದಕ್ಷರ ಹುಟ್ಟುವುದಿಲ್ಲ. ಆಗ ಹಿರಿಯ ಕವಿಗಳ ಓಲೆಗರಿ ಬಿಚ್ಚಿ ಕೂರುತ್ತಾನೆ. ಅದರ ಬಲದಿಂದ ಒಂದಿಷ್ಟು ಬರೆಯುತ್ತಾನೆ, ಓದಿ ನೋಡಿದರೆ ಅದರಲ್ಲಿ ತಾನೇ ಇಲ್ಲ. ಅರ್ಧಕ್ಕೆ ನಿಂತ ಕಾವ್ಯದ ಕಟ್ಟು ಈಗಲೂ ಅವನ ಕಂಕುಳಲ್ಲಿತ್ತು. ಹೊಳೆಗೆ ಬಿಡಬೇಕೆಂದು ತಂದಿದ್ದ.

"ಕೂತುಕೋ," ಎಂದು ಗುರುಗಳು ಕತೆ ಶುರು ಮಾಡಿದರು.

ಒಂದೂರಲ್ಲಿ ಮೊಸರು ಮಾರುವ ಹೆಂಗಸೊಬ್ಬಳಿದ್ದಳು. ಅವಳ ಮೊಸರಿಗೆ ಸರಿಸಾಟಿ ಇರಲಿಲ್ಲ. ಉಪಚಾರದ ಮಾತು ಅಂದುಕೊಳ್ಳಬೇಡ, ಇದ್ದದ್ದನ್ನೇ ಹೇಳುತ್ತಿದ್ದೇನೆ. ಎಷ್ಟೇ ಗಿರಾಕಿಗಳು ಕಾದಿರಲಿ, ಗಡಿಗೆಯ ತಳದಲ್ಲಿ ಒಂದು ಸೌಟು ಉಳಿದಾಗ ಅವಳು "ಇವತ್ತಿಗೆ ಮುಗೀತು" ಎಂದು ಮುಚ್ಚಳ ಹಾಕಿಬಿಡುತ್ತಿದ್ದಳು. ಆ ಒಂದು ಸೌಟು ನಾಳೆಯ ಹೆಪ್ಪು. ಊರ ಗೌಡನೇ ಬಂದು ನಿಂತರೂ ಅದನ್ನು ಮುಟ್ಟುತ್ತಿರಲಿಲ್ಲ. ಅವಳ ಅತ್ತೆ ಕೊಟ್ಟ ಹೆಪ್ಪು ಅದು, ಆ ಅತ್ತೆಗೆ ಅವಳ ಅತ್ತೆ ಕೊಟ್ಟದ್ದು.

ಈ ಹೆಂಗಸಿಗೊಬ್ಬಳು ಸೊಸೆ ಬಂದಳು. ಹುಡುಗಿ ಒಳ್ಳೆಯವಳು, ಕೈ ಮಾತ್ರ ಧಾರಾಳ. ಅತ್ತೆ ಊರಲ್ಲಿಲ್ಲದ ದಿನ ಮದುವೆ ಮನೆಯವರು ಬಂದು ಮೊಸರನ್ನು ಬಾಯ್ತುಂಬ ಹೊಗಳಿದರು. ಹೊಗಳಿಕೆ ಕೇಳಿದರೆ ಯಾರ ಕೈ ತಾನೇ ನಿಲ್ಲುತ್ತದೆ? ಸೊಸೆ ಗಡಿಗೆ ಬಗ್ಗಿಸಿ ತಳ ಬಳಿದು ಕೊಟ್ಟಳು. ಸಂಜೆ ಹಾಲು ಕಾಯಿಸಿ, ಆರಿಸಿ, ಹೆಪ್ಪಿಗೆಂದು ಕೈ ಹಾಕಿದರೆ ಗಡಿಗೆಯಲ್ಲಿ ಏನೂ ಉಳಿದಿರಲಿಲ್ಲ. ಆ ಗಡಿಗೆಯನ್ನು ಅಟ್ಟದ ಮೂಲೆಯಲ್ಲಿ ಬಚ್ಚಿಟ್ಟಳು. ಪಕ್ಕದ ಮನೆಯಿಂದ ಹೆಪ್ಪು ತಂದು ಹೊಸ ಗಡಿಗೆಯಲ್ಲಿ ಹಾಲಿಗೆ ಹಾಕಿದಳು.

ಬೆಳಗ್ಗೆ ಮೊಸರು ಗಟ್ಟಿಯಾಗಿಯೇ ಬಂದಿತ್ತು. ಸೊಸೆಗೆ ಹೋದ ಜೀವ ಬಂದಂತಾಯಿತು. ಆದರೆ ದಿನವೂ ಬರುತ್ತಿದ್ದ ವರ್ತಕನೊಬ್ಬ ಬೆರಳಲ್ಲಿ ನೆಕ್ಕಿ ನೋಡಿ, "ಚೆನ್ನಾಗಿದೆ ತಾಯಿ. ಆದರೆ ಇದು ನಿಮ್ಮ ಮನೆ ಮೊಸರಲ್ಲ," ಎಂದು ಖಾಲಿ ಪಾತ್ರೆ ಹಿಡಿದು ಹೊರಟುಹೋದ.

ಅತ್ತೆ ಬಂದಳು. ಸೊಸೆ ಎಲ್ಲವನ್ನೂ ಹೇಳಿ, ತಲೆಮಾರುಗಳ ರುಚಿ ನನ್ನ ಕೈಯಲ್ಲಿ ಹಾಳಾಯಿತು ಎಂದು ಅತ್ತಳು.

"ಹಳೇ ಗಡಿಗೆ ತೊಳೆದೆಯೇನೇ?"

"ಇಲ್ಲ ಅತ್ತೆ. ಮುಟ್ಟೋಕೂ ಮನಸ್ಸು ಬರಲಿಲ್ಲ."

"ಒಳ್ಳೇದಾಯ್ತು. ಇಳಿಸು ಅದನ್ನ."

ಎಷ್ಟು ಬಳಿದರೂ ಮಣ್ಣಿನ ಗಡಿಗೆ ತಾನು ಹೀರಿದ್ದನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಅತ್ತೆ ಆ ಗಡಿಗೆಗೇ ಉಗುರುಬೆಚ್ಚಗಿನ ಹಾಲು ಹೊಯ್ದು, ಬಟ್ಟೆ ಸುತ್ತಿ ಒಲೆಯ ಪಕ್ಕದಲ್ಲಿಟ್ಟಳು. ಮರುದಿನ ಅದು ಮೊಸರೂ ಅಲ್ಲ, ಹಾಲೂ ಅಲ್ಲ. ಅದರಲ್ಲೇ ಒಂದು ಸೌಟು ಉಳಿಸಿಕೊಂಡು ಮತ್ತೆ ಹಾಲು ಹೊಯ್ದಳು. ಒಂದು ದಿನವೂ ತಪ್ಪಿಸಲಿಲ್ಲ. ಹೋಗ್ತಾ ಹೋಗ್ತಾ ಗಟ್ಟಿಯಾಯಿತು. ಕೊನೆಗೊಂದು ಬೆಳಗ್ಗೆ ವರ್ತಕ ಬೆರಳು ನೆಕ್ಕಿ, ಏನೂ ಹೇಳದೆ ಪಾತ್ರೆ ಮುಂದೆ ಹಿಡಿದ. ಎಂಥ ಹೆಂಗಸು ನೋಡು ಅವಳು.

ಇಷ್ಟಕ್ಕೆ ಗುರುಗಳು ಕತೆ ಮುಗಿಸಿದರು. ಮುರಿಗೆಯ್ಯ ಕಂಕುಳಲ್ಲಿದ್ದ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡ. ತಾನು ತಳ ಬಳಿದದ್ದು, ಪಕ್ಕದ ಮನೆಗೆ ಓಡಿದ್ದು ಅವನಿಗೆ ಅರ್ಥವಾಗಿತ್ತು. ದಿನವೂ ಬರೆಯಬೇಕು, ಸ್ವಲ್ಪ ಉಳಿಸಿಕೊಂಡೇ ಏಳಬೇಕು, ಅದೂ ಅರ್ಥವಾಯಿತು. ಆದರೆ ಒಂದು ಭಯ ಹೋಗಿರಲಿಲ್ಲ. ನಾಳೆ ಬರೆಯುವುದು ಚೆನ್ನಾಗಿರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

"ಗುರುಗಳೇ, ಗಟ್ಟಿಯಾಗುವವರೆಗೆ ಆ ನೀರು ಮೊಸರನ್ನು ಯಾರು ಉಂಡರು?"

"ಸೊಸೆಯನ್ನು ಎದುರಿಗೆ ಕೂರಿಸಿಕೊಂಡು ಅತ್ತೆಯೇ ಉಂಡಳು," ಎಂದರು ಗುರುಗಳು. "ನಾಳೆ ನೀನು ಬರೆದದ್ದನ್ನು ನನಗೆ ತಂದು ಬಡಿಸು."

ಮುರಿಗೆಯ್ಯ ಕಟ್ಟನ್ನು ಮತ್ತೆ ಕಂಕುಳಿಗೆ ಸೇರಿಸಿ, ಹೊಳೆಯ ದಾರಿ ಬಿಟ್ಟು ಮನೆಯ ದಾರಿ ಹಿಡಿದ.