ಕಿವಿ ಕಟ್ಟಿಸಿಕೊಂಡ ಜಟ್ಟಿ

"ಗುರುಗಳೇ, ಗಂಡಸಿಗೆ ಯಾವುದು ಭೂಷಣ?" ಎಂದು ಅಡಿವೆಪ್ಪ ಕೇಳಿದ.

ಅಡಿವೆಪ್ಪ ಶಿಷ್ಯನಾಗಿ ಮಠ ಸೇರಿ ವರ್ಷವಾಗಿತ್ತು. ಕೋಳಿ ಕೂಗುವ ಮುಂಚೆ ತಣ್ಣೀರಿನ ಸ್ನಾನ, ಆಮೇಲೆ ಆಸನ, ದಿನಕ್ಕೆ ಒಂದೇ ಊಟ. ಮೈ ಹುರಿಗಟ್ಟಿತ್ತು. ಪಂಚೆಯನ್ನು ಒಂದೂ ಸುಕ್ಕಿಲ್ಲದಂತೆ ಉಡುತ್ತಿದ್ದ. ಹೊಸದಾಗಿ ಬಂದವರು ಹೇಗೆ ಉಡಬೇಕು, ಏನು ತಿಂದರೆ ಮೈ ಹಗುರ ಎಂದು ಅವನನ್ನೇ ಕೇಳುತ್ತಿದ್ದರು. ಅವನೂ ಬೇಸರವಿಲ್ಲದೆ ಹೇಳುತ್ತಿದ್ದ. ಗುರುಗಳು ಇದನ್ನೆಲ್ಲ ನೋಡಿದ್ದರು. ದೀಪದ ಬತ್ತಿ ಹೊಸೆಯುತ್ತಿದ್ದ ಕೈಯನ್ನು ನಿಲ್ಲಿಸದೆ ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಜಟ್ಟಿಯಿದ್ದ. ಅವನ ಬೆನ್ನಿಗೆ ಕಣದ ಮಣ್ಣು ಹತ್ತಿದ್ದನ್ನು ಕಂಡವರಿರಲಿಲ್ಲ. ಊರ ಗಂಡಸರು ಅವನ ಹಿಂದೆ ಬಿದ್ದರು. ಕುಸ್ತಿ ಕಲಿಯಲು ಅಲ್ಲ. ಕುಸ್ತಿ ಕಲಿತರೆ ಮೈ ನೋಯುತ್ತದೆ. ಅವರಿಗೆ ಬೇಕಾಗಿದ್ದು ಜಟ್ಟಿಯ ಹಾಗೆ ಕಾಣುವುದು ಮಾತ್ರ. ಮೈಗೆ ಯಾವ ಎಣ್ಣೆ, ರುಮಾಲಿಗೆ ಎಷ್ಟು ಸುತ್ತು, ಮೀಸೆಯ ತುದಿ ಮೇಲಕ್ಕೋ ಪಕ್ಕಕ್ಕೋ, ಕುದುರೆ ಕೊಳ್ಳುವವನು ಮೊದಲು ಗೊರಸು ನೋಡಬೇಕೋ ಹಲ್ಲು ನೋಡಬೇಕೋ, ಎಲ್ಲಕ್ಕೂ ಅವನು ಹೇಳಿದ್ದೇ ವೇದವಾಕ್ಯ. ಅವನು ಕಡಗವನ್ನು ಬಲಗೈಯಿಂದ ಎಡಗೈಗೆ ಹಾಕಿಕೊಂಡರೆ ಊರಿಗೆ ಊರೇ ಎಡಗೈಗೆ ಹಾಕಿಕೊಳ್ಳುತ್ತಿತ್ತು. ಕುಂಬಳಕಾಯಿಯಂಥ ಹೊಟ್ಟೆಯ ಕಿರಾಣಿ ಸೆಟ್ಟಿಯೂ ಜಟ್ಟಿಯ ಹಾಗೆ ಕಚ್ಚೆ ಬಿಗಿದು, ಉಸಿರು ಹಿಡಿದು ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತು ಎನ್ನುತ್ತಾರಲ್ಲ, ಹಾಗೆ. ಆದರೆ ನರಿಗಳ ಹೊಗಳಿಕೆ ಆ ಹುಲಿಗೂ ರುಚಿಸಿತ್ತು.

ಜಟ್ಟಿ ತನ್ನ ಹೆಗಲಿಗೆ ಗದೆಯೊಂದನ್ನು ಬಿಟ್ಟು ಬೇರೆ ಭಾರ ಹೊರಿಸುತ್ತಿರಲಿಲ್ಲ. ಭಾರ ಹೊತ್ತರೆ ಕತ್ತು ಬಿಗಿಯುತ್ತದೆ, ಬಿಗಿದ ಕತ್ತು ಕಣದಲ್ಲಿ ಕೈಕೊಡುತ್ತದೆ ಎಂದು ಗರಡಿಯವರು ನಂಬಿದ್ದರು. ಹೀಗಾಗಿ ಮನೆಯಲ್ಲಿ ನೀರಿನ ಕೊಡ, ಸೌದೆಯ ಹೊರೆ, ಜೋಳದ ಚೀಲ ಎಲ್ಲ ಹೆಂಡತಿ ತುಂಗವ್ವನ ತಲೆಯ ಮೇಲೆ. ಅವಳಿಗೆ ಅದರಲ್ಲಿ ಬೇಸರವಿರಲಿಲ್ಲ. ಗಂಡನ ಹೆಗಲಿಗೆ ಎಣ್ಣೆ ತಿಕ್ಕುವಾಗ ಅವಳ ಮುಖ ನೋಡಬೇಕಿತ್ತು, ತಾನೇ ಕಡೆದ ವಿಗ್ರಹ ಎಂಬಷ್ಟು ಹೆಮ್ಮೆ. ಜಟ್ಟಿಗೂ ಅವಳೆಂದರೆ ಪ್ರಾಣ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕತೆ ಹೇಳುವುದು ಸುಲಭವಾಗುತ್ತಿತ್ತು.

ಮದುವೆಯಾಗಿ ಬಹಳ ವರ್ಷಗಳ ಮೇಲೆ ತುಂಗವ್ವ ಬಸುರಿಯಾದಳು. ಅವಳಿಗೆ ದಿನ ತುಂಬುತ್ತಿರುವಾಗಲೇ ದೇಸಾಯರು ದೊಡ್ಡ ಕುಸ್ತಿ ಸಾರಿಸಿದರು. ಗೆದ್ದವನಿಗೆ ದೇಸಾಯರ ಲಾಯದ ಬಿಳಿ ಕುದುರೆ. ಅದು ಮರಿಯಾಗಿದ್ದಾಗಿನಿಂದ ಜಟ್ಟಿ ಅದರ ಮೇಲೆ ಕಣ್ಣಿಟ್ಟಿದ್ದ. ಊರಿನವರಿಗೆ ಕುದುರೆ ಆರಿಸಿಕೊಡುತ್ತಿದ್ದವನಿಗೆ ಸ್ವಂತ ಕುದುರೆ ಇರಲಿಲ್ಲ.

ಗರಡಿಗೆ ಒಂದು ಕಟ್ಟಳೆಯಿತ್ತು. ಸಾವಿನ ಸೂತಕ, ಹುಟ್ಟಿನ ಪುರುಡು, ಎರಡರಲ್ಲಿ ಯಾವುದಿದ್ದರೂ ಆ ಮನೆಯವನು ಕಣದ ಕೆಮ್ಮಣ್ಣು ತುಳಿಯಬಾರದು. ಆದರೆ ಸೂತಕ ಹಿಡಿಯುವುದು ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಎಂದು ಹಿರಿಯರ ಮಾತು. ಅದಕ್ಕೆ ಜಟ್ಟಿಗಳು ಒಂದು ಉಪಾಯ ಮಾಡಿಕೊಂಡಿದ್ದರು. ದೊಡ್ಡ ಕುಸ್ತಿ ಗೊತ್ತಾದ ಕೂಡಲೇ ಗರಡಿಮನೆಯಲ್ಲೇ ಇರಲು ಹೋಗುತ್ತಿದ್ದರು. ಕಲಿಸುವ ವಸ್ತಾದ ಅವರ ಕಿವಿಗಳ ಮೇಲೆ ಅರಿಸಿನದ ಬಟ್ಟೆಯ ಪಟ್ಟಿಯೊಂದನ್ನು ಕಟ್ಟುತ್ತಿದ್ದ. ಪಟ್ಟಿಯಿಂದ ಕಿವಿ ಕೇಳದೆ ಹೋಗುತ್ತಿರಲಿಲ್ಲ. ಇವನಿಗೆ ಮನೆಯ ಸುದ್ದಿ ತರಬೇಡಿ ಎಂದು ಅದರ ಅರ್ಥ. ಇದಕ್ಕೆ ಕಿವಿ ಕಟ್ಟಿಸಿಕೊಳ್ಳುವುದು ಎನ್ನುತ್ತಿದ್ದರು.

ಜಟ್ಟಿ ಗರಡಿಗೆ ಹೊರಟಾಗ ತುಂಗವ್ವ ಬಾಗಿಲವರೆಗೆ ಬಂದಳು. "ನೋವು ಬಂದ್ರ ಹೇಳಿ ಕಳಸ್ಲೇನು?" ಎಂದು ಕೇಳಿದಳು.

"ಗಂಡಾಗಲಿ ಹೆಣ್ಣಾಗಲಿ, ಕುದುರಿ ಮ್ಯಾಲ ಬಂದು ನೋಡ್ತೀನಿ. ಅಲ್ಲೀತನಕ ಯಾರನ್ನೂ ಕಳಸಬ್ಯಾಡ" ಎಂದ ಜಟ್ಟಿ.

ಅವಳು ನಕ್ಕು ಹೂಂ ಎಂದಳು. ಅವನು ಹೋಗಿ ಕಿವಿ ಕಟ್ಟಿಸಿಕೊಂಡ. ಮಾರನೆಯ ದಿನದಿಂದ ಊರ ಹುಡುಗರೂ ಕಿವಿ ಮುಚ್ಚುವ ಹಾಗೆ ರುಮಾಲು ಸುತ್ತಲು ತೊಡಗಿದರು. ಚೆನ್ನಾಗಿ ಕಾಣುತ್ತದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು.

ಕುಸ್ತಿಗೆ ಇನ್ನೂ ಕೆಲವು ದಿನ ಇರುವಾಗ ಒಂದು ಬೆಳಿಗ್ಗೆ ತುಂಗವ್ವನಿಗೆ ನೋವು ಬಂತು. ಮಧ್ಯಾಹ್ನವಾದರೂ ಹೆರಿಗೆಯಾಗಲಿಲ್ಲ. ಕೂಸು ಅಡ್ಡ ತಿರುಗಿದೆ, ಇದು ನನ್ನ ಕೈಯಲ್ಲಾಗುವುದಲ್ಲ, ಹೊಳೆಯಾಚೆಯ ಊರಲ್ಲಿ ಬಲ್ಲ ಮುದುಕಿಯೊಬ್ಬಳಿದ್ದಾಳೆ, ತಡ ಮಾಡದೆ ಅಲ್ಲಿಗೆ ಒಯ್ಯಿರಿ ಎಂದಳು ಸೂಲಗಿತ್ತಿ. ಆ ಮುದುಕಿಗೆ ನಡೆಯಲು ಬಾರದು, ಅವಳನ್ನು ಕರೆತರುವಂತಿರಲಿಲ್ಲ. ಹೊಳೆಯಲ್ಲಿ ನೀರು ಏರಿತ್ತು. ಹರಿಗೋಲು ತೂತಾಗಿ ದಡದಲ್ಲಿ ಬೋರಲು ಬಿದ್ದಿತ್ತು. ಬಸುರಿಯನ್ನು ಹೊರಸಿನ ಮೇಲೆ ಮಲಗಿಸಿ, ಹೊರಸನ್ನು ತಲೆಗಿಂತ ಮೇಲೆ ಎತ್ತಿ ಹಿಡಿದು ನೀರು ಹಾಯಬೇಕಿತ್ತು. ಓಣಿಯ ಗಂಡಸರೆಲ್ಲ ಬಂದು ಸೇರಿದರು. ಎಣ್ಣೆ ಹಚ್ಚಿದ ತೋಳು, ಬಿಗಿದ ಕಚ್ಚೆ, ಮೀಸೆ, ಕಡಗ, ಯಾವುದಕ್ಕೂ ಕೊರತೆಯಿರಲಿಲ್ಲ. ಹೊಳೆಯ ಸೆಳೆತ ನೋಡಿ ಎಲ್ಲರೂ ಜಟ್ಟಿ ಇದ್ದಿದ್ದರೆ ಎಂದರು.

ತುಂಗವ್ವನ ತಮ್ಮ ಗರಡಿಗೆ ಓಡಿದ. ಬಾಗಿಲಲ್ಲಿ ಒಬ್ಬ ಮುದಿ ಜಟ್ಟಿ ಕಾವಲಿದ್ದ. ಬಂದವನು ಬಾಯಿ ತೆರೆಯುವ ಮುಂಚೆಯೇ ಅವನು ಕೈಯಡ್ಡ ಹಿಡಿದು, ಒಂದು ಮಾತೂ ಆಡಬೇಡಪ್ಪ, ಒಂದು ಮಾತಿಗೆ ಅವನ ಇಷ್ಟು ದಿನದ ಸಾಮು ಮಣ್ಣುಪಾಲಾಗುತ್ತದೆ ಎಂದು ಬೇಡಿಕೊಂಡ. ನಾನು ಸುದ್ದಿ ತಂದವನಲ್ಲ ಎಂದು ಇವನು ಎಷ್ಟು ಹೇಳಿದರೂ ಅವನು ಬಿಡಲಿಲ್ಲ. ಆಗ ಇವನು ಹೊರಗಿನಿಂದಲೇ "ಭಾವಾ" ಎಂದು ಕೂಗಿದ.

ಒಳಗೆ ಬಸ್ಕಿ ಹೊಡೆಯುತ್ತಿದ್ದ ಜಟ್ಟಿಗೆ ಕೂಗು ಕೇಳಿತು. ಹೆಂಡತಿಯ ತಮ್ಮನ ದನಿಯೆಂದು ಗೊತ್ತಾಯಿತು. ಏದುಸಿರು ಬಿಡುತ್ತ ಓಡಿ ಬಂದಿದ್ದಾನೆಂದರೆ ಕೂಸು ಹುಟ್ಟಿರಬೇಕು, ಅದೂ ಗಂಡುಕೂಸೇ ಇರಬೇಕು ಎಂದುಕೊಂಡ. ಅವನ ಎದೆ ತುಂಬಿ ಬಂತು. ಕೇಳಬೇಕೆಂಬ ಆಸೆ ಹುಟ್ಟಿತು. ಕೇಳಿದರೆ ಪುರುಡು, ಪುರುಡಾದರೆ ಕುದುರೆಯಿಲ್ಲ. ಇನ್ನೊಂದು ಕೂಗು ಬರುವಷ್ಟರಲ್ಲಿ ಎರಡೂ ಅಂಗೈಗಳಿಂದ ಕಿವಿ ಒತ್ತಿಕೊಂಡು ನಗುತ್ತ ನಿಂತ. ಆಮೇಲೆ ಕಾವಲಿನ ಮುದುಕನನ್ನು ಕರೆದು, ಗೆದ್ದ ಮೇಲೆ ಕೇಳುತ್ತೇನೆ ಎಂದು ಹೇಳು, ಅಲ್ಲಿಯವರೆಗೆ ಬಾಯಿ ಸಿಹಿಮಾಡಿಕೊಳ್ಳಲಿ ಎಂದು ಒಂದು ಹಿಡಿ ಕಲ್ಲುಸಕ್ಕರೆ ಕೊಟ್ಟು ಕಳಿಸಿದ.

ಕಲ್ಲುಸಕ್ಕರೆ ತುಂಗವ್ವನ ತಮ್ಮನ ಕೈ ಸೇರಿತು. ಅಲ್ಲಿ ಅಕ್ಕ ನರಳುತ್ತಿದ್ದಳು. ಮುದುಕನೊಂದಿಗೆ ಗುದ್ದಾಡಲು ಅವನಿಗೆ ಹೊತ್ತಿರಲಿಲ್ಲ. ಮತ್ತೆ ಹೊಳೆಗೆ ಓಡಿದ.

ಕುಸ್ತಿಯ ದಿನ ಜಟ್ಟಿ ಗೆದ್ದ. ಎದುರಾಳಿಯನ್ನು ಚಿತ್ ಮಾಡಲು ಅವನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ವಸ್ತಾದ ಕಿವಿಯ ಪಟ್ಟಿ ಬಿಚ್ಚಿದ. ದೇಸಾಯರು ಕುದುರೆಯ ಲಗಾಮನ್ನು ಅವನ ಕೈಗೆ ಕೊಟ್ಟರು. ಜಟ್ಟಿ ಕುದುರೆಯೇರಿ ಊರ ನಡುವಿನ ದಾರಿಯಲ್ಲೇ ಮನೆಗೆ ಹೊರಟ. ಅಂಗಡಿಯಲ್ಲಿ ಕೂತವರು ತಲೆ ತಗ್ಗಿಸಿದರು. ಕಟ್ಟೆಯ ಮೇಲಿದ್ದವರು ಎದ್ದು ಒಳಗೆ ಹೋದರು. ದೊಡ್ಡ ಗೆಲುವು ಕಂಡರೆ ಜನಕ್ಕೆ ಸಂಕೋಚ ಎಂದುಕೊಂಡ ಅವನು.

ಮನೆಯ ಮುಂದೆ ತುಂಗವ್ವನ ತಮ್ಮ ಒಬ್ಬನೇ ಕೂತಿದ್ದ. ಜಟ್ಟಿ ಕುದುರೆಯಿಂದಿಳಿದು, ಗಂಡೋ ಹೆಣ್ಣೋ ಎಂದು ಕೇಳಿದ. ಅವನು ಏಳಲಿಲ್ಲ. ನೆಲ ನೋಡುತ್ತಲೇ ಎಲ್ಲ ಹೇಳಿದ. ನಾಲ್ವರು ಹೊರಸು ಹೊತ್ತು ನೀರಿಗಿಳಿದರು. ನಡುಹೊಳೆಯಲ್ಲಿ ನೀರು ಗಂಟಲಿಗೆ ಬಂತು, ಕಾಲು ನಿಲ್ಲಲಿಲ್ಲ, ಹಿಂದಕ್ಕೆ ಬಂದರು. ಮತ್ತೊಮ್ಮೆ ಇಳಿದರು, ಮತ್ತೆ ಹಿಂದಕ್ಕೆ ಬಂದರು. ಸಂಜೆ ದಡದ ಮೇಲೆಯೇ ತುಂಗವ್ವ ಹೋದಳು. ಕೂಸು ಹೊಟ್ಟೆಯಲ್ಲೇ ಹೋಯಿತು. ಕಿವಿ ಕಟ್ಟಿಸಿಕೊಂಡವನಿಗೆ ಸಾವಿನ ಸುದ್ದಿ ಮುಟ್ಟಿಸಲು ಯಾರೂ ಮುಂದಾಗದೆ ಊರವರೇ ಮಣ್ಣು ಮಾಡಿದರು.

ಬಾಗಿಲು ಒಡೆದಾದರೂ ಈ ಸುದ್ದಿಯನ್ನು ನನಗೆ ಯಾಕೆ ಹೇಳಲಿಲ್ಲ ಎಂದು ಜಟ್ಟಿ ಕೇಳಿದ.

"ಸುದ್ದಿ ಹೇಳಾಕ ಬಂದಿದ್ದಿಲ್ಲ ಭಾವ" ಎಂದ ಅವನು. "ನಿಮ್ಮನ್ನ ಕರಕೊಂಡು ಹೋಗಾಕ ಬಂದಿದ್ದೆ."

ಕುದುರೆಯನ್ನು ಯಾರೂ ಕಟ್ಟಲಿಲ್ಲ. ಜಟ್ಟಿ ಹೊಳೆಯ ಕಡೆಗೆ ನಡೆದ. ಊರವರು ಹೆದರಿ ಹಿಂದೆಯೇ ಹೋದರು. ಅವನು ಪ್ರಾಣ ಕಳೆದುಕೊಳ್ಳಲು ಹೋದದ್ದಲ್ಲ. ನೀರು ಅಂದು ಇದ್ದಷ್ಟೇ ಇದೆಯೇ ಎಂದು ಕೇಳಿದ. ಅಷ್ಟೇ ಇದೆ ಎಂದರು. ಅವನು ಇಳಿದು ನಡುಹೊಳೆಯವರೆಗೆ ನಡೆದು ಹೋಗಿ ನಿಂತ. ನಾಲ್ವರ ಗಂಟಲಿಗೆ ಬಂದಿದ್ದ ನೀರು ಅವನ ಎದೆಗೆ ಬಂತು. ಕಾಲು ಕದಲಲಿಲ್ಲ. ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿಕೊಂಡು, ಬರಿಗೈಯಲ್ಲಿ, ಆಚೆ ದಡಕ್ಕೆ ಹೋಗಿ ಮುಟ್ಟಿದ. ಅಲ್ಲಿ ಕೂತು ಅತ್ತ. ಈಚೆ ದಡದಲ್ಲಿ ನಿಂತವರಿಗೆ ಅದು ಕೇಳಿಸಿತು. ಆಮೇಲೆ ಯಾವ ಎಣ್ಣೆ, ಯಾವ ಕುದುರೆ ಎಂದು ಅವನು ಹೇಳಿದ್ದನ್ನು ಯಾರೂ ಕೇಳಲಿಲ್ಲ.

ಗುರುಗಳು ಕತೆ ಮುಗಿಸಿದರು. ಅಡಿವೆಪ್ಪನಿಗೆ ಸಂಕಟವಾಗಿತ್ತು. ಜಟ್ಟಿಯ ತಪ್ಪು ಯಾವುದು, ಕುದುರೆಗೆ ಆಸೆಪಟ್ಟದ್ದೋ, ಸೂತಕವನ್ನು ನಂಬಿದ್ದೋ ಎಂದು ಕೇಳಿದ. ಸಾಧನೆಗೆ ನಿಂತವನು ನಡುವೆ ಬಿಟ್ಟೇಳಬಾರದೆಂದು ಎಲ್ಲರೂ ಹೇಳುತ್ತಾರಲ್ಲ ಎಂದೂ ಸೇರಿಸಿದ.

ಗುರುಗಳು ಹೊಸೆದ ಬತ್ತಿಗಳನ್ನು ಪಕ್ಕಕ್ಕಿಟ್ಟು ಅವನ ಮುಖ ನೋಡಿದರು.

"ಹೋದ ಹುಣ್ಣಿಮೆಗೆ ನಿಮ್ಮಕ್ಕ ಮಠದ ಬಾಗಿಲಿಗೆ ಬಂದಾಗ ವ್ರತದಲ್ಲಿದ್ದೇನೆ ಎಂದು ಹೇಳಿಸಿ ಕಳಿಸಿದೆಯಲ್ಲ ಅಡಿವೆಪ್ಪ, ಅವಳಿಗೆ ಏನು ಬೇಕಾಗಿತ್ತು?"